ಪುರುಷರ ಆರೋಗ್ಯ ತಪಾಸಣೆ: ಸಂಕೋಚ ತೊರೆದರೆ ಅರ್ಧ ಕಾಯಿಲೆ ದೂರ

ಬಾಗಲಕೋಟೆ ಜಿಲ್ಲೆ ದುಡಿಮೆಯ ಜಿಲ್ಲೆ. ಇಳಕಲ್ ಮತ್ತು ಹುನಗುಂದ ಭಾಗದ ಗ್ರಾನೈಟ್ ಗಣಿಗಳಲ್ಲಿ, ಇಳಕಲ್ ಮತ್ತು ಗುಳೇದಗುಡ್ಡದ ಮಗ್ಗಗಳ ಮುಂದೆ, ಬಾದಾಮಿಯ ಮರಳುಗಲ್ಲಿನ ಬೆಟ್ಟಗಳ ಆಸುಪಾಸಿನ ಒಣ ಹೊಲಗಳಲ್ಲಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿ ಬಯಲಿನ ಕಬ್ಬಿನ ಗದ್ದೆಗಳಲ್ಲಿ ಸಾವಿರಾರು ಪುರುಷರು ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಾರೆ. ಕಾಯಕಕ್ಕೆ ಮಾನ ತಂದುಕೊಟ್ಟ ಶರಣರ ನೆಲೆಯಾದ ಕೂಡಲಸಂಗಮ ಇರುವುದೂ ಇದೇ ಹುನಗುಂದ ತಾಲ್ಲೂಕಿನಲ್ಲಿ. ಆದರೆ ಕಾಯಕವನ್ನು ಹೊತ್ತು ನಡೆಸುವ ಕಾಯದ ಬಗ್ಗೆ ಈ ಜಿಲ್ಲೆಯ ಪುರುಷರು ವಹಿಸುವ ಕಾಳಜಿ ಕಡಿಮೆ. ಎತ್ತಿಗೆ ಮೇವು ತಪ್ಪಿದರೆ, ಮಗ್ಗದ ಲಾಳಿ ಸಿಕ್ಕಿಕೊಂಡರೆ, ಪಂಪ್‌ಸೆಟ್ ಕೆಟ್ಟರೆ ಅದೇ ದಿನ ಸರಿಪಡಿಸುವ ಮನುಷ್ಯ, ತನ್ನ ಎದೆಯಲ್ಲಿ ಏನೋ ಹಿಡಿದಂತಾದರೆ "ತಾನೇ ಹೋಗುತ್ತದೆ" ಎಂದು ಸುಮ್ಮನಾಗುತ್ತಾನೆ.

ಈ ಸುಮ್ಮನಿರುವಿಕೆಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಮುಖ್ಯವಾದುದು ಸಂಕೋಚ. ಸಂಕೋಚ ಎಲ್ಲಿಂದ ಬರುತ್ತದೆ, ತಪಾಸಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ, ಗೋಪ್ಯತೆಗೆ ಯಾವ ರಕ್ಷಣೆ ಇದೆ, ಮನೆಯವರು ಹಾಗೂ ಗ್ರಾಮ ಪಂಚಾಯಿತಿಗಳು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪುರುಷರು ಹಿಂದುಳಿಯಲು ಕಾರಣಗಳು

ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಆರೋಗ್ಯ ವ್ಯವಸ್ಥೆಯ ಬಾಗಿಲು ಹಲವು ಬಾರಿ ತೆರೆಯುತ್ತದೆ. ಗರ್ಭಿಣಿಯಾದಾಗ ತಾಯಿ ಕಾರ್ಡ್ ದೊರೆಯುತ್ತದೆ. ಪ್ರತಿ ಭೇಟಿಯಲ್ಲೂ ತೂಕ, ರಕ್ತದೊತ್ತಡ, ರಕ್ತದ ಅಂಶ ನೋಡಲಾಗುತ್ತದೆ. ಹೆರಿಗೆಯ ನಂತರ ಮಗುವಿನ ಲಸಿಕೆಗಾಗಿ, ಅಂಗನವಾಡಿಯ ಕಾರ್ಯಕ್ರಮಗಳಿಗಾಗಿ ಆಕೆ ಮತ್ತೆ ಮತ್ತೆ ಆರೋಗ್ಯ ಸಿಬ್ಬಂದಿಯನ್ನು ಕಾಣುತ್ತಾಳೆ. ಪುರುಷನಿಗೆ ಇಂತಹ ಯಾವ ಸಹಜ ದಾರಿಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಐವತ್ತು ದಾಟುವವರೆಗೂ ಒಮ್ಮೆಯೂ ರಕ್ತದೊತ್ತಡ ನೋಡಿಸಿಕೊಳ್ಳದ ಪುರುಷರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಎರಡನೆಯ ಕಾರಣ ಸಮಯದ್ದು. ಆಶಾ ಕಾರ್ಯಕರ್ತೆಯರು ಮನೆ ಭೇಟಿಗೆ ಬರುವುದು ಹಗಲಿನಲ್ಲಿ. ಆ ವೇಳೆಗೆ ಮನೆಯ ಗಂಡಸರು ಗಣಿಯಲ್ಲೋ ಹೊಲದಲ್ಲೋ ಇರುತ್ತಾರೆ. ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಮನೆಯಲ್ಲಿ ಸಿಕ್ಕಿದರೂ, ತಮ್ಮದೇ ಓಣಿಯ ಹೆಣ್ಣುಮಗಳ ಮುಂದೆ ತಂಬಾಕು, ಮದ್ಯ ಅಥವಾ ದೇಹದ ಗುಪ್ತ ತೊಂದರೆಗಳ ಬಗ್ಗೆ ಬಾಯಿ ಬಿಡಲು ಅವರು ಹಿಂಜರಿಯುತ್ತಾರೆ.

ಮೂರನೆಯದು, "ಗಂಡಸು ಗಟ್ಟಿ ಇರಬೇಕು" ಎಂಬ ಹಳೆಯ ನಂಬಿಕೆ. ನೋವು ಹೇಳಿಕೊಂಡರೆ ಕಟ್ಟೆಯ ಮೇಲೆ ಕುಳಿತವರು ನಕ್ಕಾರು, ಕಾಯಿಲೆ ಇದೆಯೆಂದು ಗೊತ್ತಾದರೆ ಮುಕಾದಮ ಕೆಲಸಕ್ಕೆ ಕರೆಯಲಿಕ್ಕಿಲ್ಲ, ಮಗಳ ಸಂಬಂಧ ತಪ್ಪೀತು ಎಂಬ ಅಂಜಿಕೆ ಮನದೊಳಗಿರುತ್ತದೆ. ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಆದರೆ ಅದು ಉಳಿಸುವುದಕ್ಕಿಂತ ಕಳೆಯುವುದೇ ಹೆಚ್ಚು ಎಂಬುದನ್ನು ತಿಳಿಯಬೇಕು.

ಹಣದ ಕೊರತೆಯೇ ಎಲ್ಲಕ್ಕೂ ಕಾರಣ ಎಂದು ಹೇಳುವುದು ವಾಡಿಕೆ. ಅಂಕಿಅಂಶಗಳು ಹೇಳುವುದು ಬೇರೆ. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ಕ್ಷಯರೋಗ ಸಮೀಕ್ಷೆಯಲ್ಲಿ, ಕೆಮ್ಮು ಮುಂತಾದ ಲಕ್ಷಣಗಳಿದ್ದವರ ಪೈಕಿ ಸುಮಾರು ಶೇ. 64ರಷ್ಟು ಜನ ಯಾವ ವೈದ್ಯರನ್ನೂ ಕಂಡಿರಲಿಲ್ಲ. ಏಕೆ ಎಂದು ಕೇಳಿದಾಗ ಅವರಲ್ಲಿ ಶೇ. 68ರಷ್ಟು ಜನ ಲಕ್ಷಣಗಳನ್ನು ಕಡೆಗಣಿಸಿದ್ದಾಗಿ ಹೇಳಿದರು. ಹಣವಿಲ್ಲದ್ದಕ್ಕೆ ಹೋಗಲಿಲ್ಲ ಎಂದವರು ಶೇ. 2ರಷ್ಟು ಮಾತ್ರ. ಅಂದರೆ ಬಹುತೇಕರನ್ನು ಆಸ್ಪತ್ರೆಯ ಹೊಸ್ತಿಲಿನಿಂದ ದೂರ ಉಳಿಸಿದ್ದು ಬಡತನವಲ್ಲ, ಅಸಡ್ಡೆ.

ಈ ಜಿಲ್ಲೆ ಒಮ್ಮೆ ಗೆದ್ದ ಸಂಕೋಚ

ಸಂಕೋಚವನ್ನು ಗೆಲ್ಲಲಾಗದು ಎನ್ನುವವರು ಬಾಗಲಕೋಟೆ ಜಿಲ್ಲೆಯದೇ ಇತಿಹಾಸವನ್ನು ನೆನೆಯಬೇಕು. 2003ರಲ್ಲಿ ಜಿಲ್ಲೆಯ ಜನಸಾಮಾನ್ಯರ ನಡುವೆ ನಡೆಸಿದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ಶೇ. 2.9ರಷ್ಟು ಜನರಲ್ಲಿ ಎಚ್‌ಐವಿ ಸೋಂಕು ಕಂಡುಬಂದಿತು. ನಗರಗಳ ಕಾಯಿಲೆ ಎಂದೇ ತಿಳಿಯಲಾಗಿದ್ದ ಸೋಂಕು ಇಲ್ಲಿ ಹಳ್ಳಿಗಳ ಒಳಗೂ ಹರಡಿತ್ತು. ಆ ಕಾಲದಲ್ಲಿ ಆ ಕಾಯಿಲೆಯ ಹೆಸರೆತ್ತುವುದೇ ಅವಮಾನ ಎನಿಸುತ್ತಿತ್ತು. ಪರೀಕ್ಷೆಗೆ ಹೋದವನನ್ನು ಜನ ಅನುಮಾನದಿಂದ ನೋಡುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಬದಲಾವಣೆ ಬಂತು. ಪರೀಕ್ಷೆ ಮಾಡುವ ಮೊದಲೂ ನಂತರವೂ ಒಬ್ಬರನ್ನೇ ಕೂರಿಸಿ ಸಮಾಧಾನದಿಂದ ಮಾತನಾಡುವ ಆಪ್ತಸಮಾಲೋಚನಾ ಕೇಂದ್ರಗಳು ಆಸ್ಪತ್ರೆಗಳಲ್ಲಿ ತೆರೆದವು. 2004ರ ಏಪ್ರಿಲ್‌ನಲ್ಲಿ ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಸೋಂಕಿತರೇ ಸಂಘಟಿತರಾಗಿ ಇತರರಿಗೆ ಧೈರ್ಯ ಹೇಳತೊಡಗಿದರು. ಇಂದು ಗರ್ಭಿಣಿಯರ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆಯೂ ಸೇರಿದೆ. ತಪ್ಪದೆ ಚಿಕಿತ್ಸೆ ಪಡೆಯುವ ಸೋಂಕಿತರು ದೀರ್ಘಕಾಲ ದುಡಿದು ಬಾಳುತ್ತಿದ್ದಾರೆ. ಔಷಧದಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬುದು ಈಗ ದೃಢಪಟ್ಟಿದೆ.

ಇಷ್ಟು ದೊಡ್ಡ ಸಂಕೋಚವನ್ನು ದಾಟಿದ ಜಿಲ್ಲೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿಯ ಹುಣ್ಣು ಅಥವಾ ಮೂತ್ರದ ತೊಂದರೆಯ ಬಗ್ಗೆ ಮಾತನಾಡುವುದು ಕಷ್ಟವಾಗಬಾರದು.

ತಪಾಸಣೆಯಲ್ಲಿ ಏನು ನಡೆಯುತ್ತದೆ

ತಪಾಸಣೆ ಎಂದರೆ ಸೂಜಿ, ಕತ್ತರಿ, ಬಟ್ಟೆ ಕಳಚುವುದು ಎಂಬ ಕಲ್ಪನೆ ಹಲವರಲ್ಲಿದೆ. 30 ವರ್ಷ ಮೇಲ್ಪಟ್ಟ ಎಲ್ಲರಿಗೂ ಸರ್ಕಾರ ಉಚಿತವಾಗಿ ನಡೆಸುವ ಅಸಾಂಕ್ರಾಮಿಕ ರೋಗಗಳ ಪ್ರಾಥಮಿಕ ತಪಾಸಣೆಯಲ್ಲಿ ಪುರುಷರಿಗೆ ಮುಖ್ಯವಾಗಿ ನಡೆಯುವುದು ಈ ನಾಲ್ಕು ಕೆಲಸಗಳು:

1. ಕೆಲವು ಪ್ರಶ್ನೆಗಳು ಮತ್ತು ಸೊಂಟದ ಸುತ್ತಳತೆ.
2. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವುದು.
3. ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆ ಅಂಶ ನೋಡುವುದು.
4. ಬೆಳಕು ಬಿಟ್ಟು ಬಾಯಿಯ ಒಳಭಾಗ ನೋಡುವುದು.

ಇವುಗಳಲ್ಲಿ ಯಾವುದಕ್ಕೂ ಅಂಗಿ ಕಳಚಬೇಕಾಗಿಲ್ಲ. ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ರಕ್ತದೊತ್ತಡ ಮತ್ತು ಸಕ್ಕರೆಯನ್ನು ವರ್ಷಕ್ಕೊಮ್ಮೆ, ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು ಎಂಬುದು ನಿಗದಿತ ಕ್ರಮ. ತಂಬಾಕು ಬಳಸುವವರು ಬಾಯಿಯ ತಪಾಸಣೆಗೆ ಐದು ವರ್ಷ ಕಾಯದೆ ಹೆಚ್ಚು ಬಾರಿ ಹೋಗುವುದು ಒಳ್ಳೆಯದು.

ಆಶಾ ಕಾರ್ಯಕರ್ತೆ ತುಂಬುವ ನಮೂನೆಯ ಪ್ರಶ್ನೆಗಳಿಗೆ ಅಂಕಗಳಿವೆ. ವಯಸ್ಸು 30ರಿಂದ 39 ಇದ್ದರೆ 1, 40ರಿಂದ 49 ಇದ್ದರೆ 2, 50ರಿಂದ 59 ಇದ್ದರೆ 3, 60 ದಾಟಿದರೆ 4 ಅಂಕ. ಬೀಡಿ, ಸಿಗರೇಟು, ಗುಟ್ಖಾ, ಖೈನಿಯ ನಿತ್ಯ ಬಳಕೆಗೆ 2 ಅಂಕ. ಹಿಂದೆ ಇದ್ದು ಬಿಟ್ಟಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಳಸಿದರೆ 1 ಅಂಕ. ನಿತ್ಯ ಮದ್ಯಪಾನಕ್ಕೆ 1 ಅಂಕ. ಪುರುಷರ ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಿದರೆ 1, 100 ಸೆಂ.ಮೀ. ಮೀರಿದರೆ 2 ಅಂಕ. ವಾರಕ್ಕೆ ಕನಿಷ್ಠ 150 ನಿಮಿಷಗಳ ದೈಹಿಕ ಚಟುವಟಿಕೆ ಇಲ್ಲದಿದ್ದರೆ 1 ಅಂಕ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗವಿದ್ದರೆ 2 ಅಂಕ. ಒಟ್ಟು 4 ಮೀರಿದವರು ಅಪಾಯದ ಅಂಚಿನಲ್ಲಿರಬಹುದು; ಅವರು ಮೊದಲ ಆದ್ಯತೆಯಲ್ಲಿ ತಪಾಸಣೆಗೆ ಹೋಗಬೇಕು.

ಉದಾಹರಣೆಗೆ 42 ವರ್ಷದ ನೇಕಾರರೊಬ್ಬರು ನಿತ್ಯ ಗುಟ್ಖಾ ಹಾಕುತ್ತಾರೆ, ಸೊಂಟದ ಸುತ್ತಳತೆ 92 ಸೆಂ.ಮೀ. ಇದೆ ಎಂದುಕೊಳ್ಳೋಣ. ವಯಸ್ಸಿಗೆ 2, ಗುಟ್ಖಾಕ್ಕೆ 2, ಸುತ್ತಳತೆಗೆ 1, ಒಟ್ಟು 5. ಅವರಿಗೆ ಯಾವ ನೋವೂ ಇಲ್ಲ, ಜ್ವರವೂ ಇಲ್ಲ, ನಿತ್ಯದ ಕೆಲಸ ಸಾಗಿದೆ. ಆದರೂ ಅವರು ತಪಾಸಣೆಗೆ ಮೊದಲು ಹೋಗಬೇಕಾದವರ ಸಾಲಿನಲ್ಲಿ ನಿಲ್ಲುತ್ತಾರೆ. ಈ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು ಮಾಡಿ ನೋಡಬಹುದು. ಆದರೆ ಅಂಕ ಕಡಿಮೆ ಬಂದಿತೆಂದು ತಪಾಸಣೆ ಬೇಡವೆಂದಲ್ಲ. 30 ದಾಟಿದ ಎಲ್ಲರಿಗೂ ಅದು ಅಗತ್ಯ.

ಸದ್ದಿಲ್ಲದ ಕಾಯಿಲೆಗಳು

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಆರಂಭದಲ್ಲಿ ಯಾವ ಸುಳಿವನ್ನೂ ಕೊಡದಿರಬಹುದು. ತಲೆ ಸುತ್ತಿದರೆ ಮಾತ್ರ ಬಿಪಿ, ಪದೇ ಪದೇ ಮೂತ್ರಕ್ಕೆ ಹೋದರೆ ಮಾತ್ರ ಶುಗರ್ ಎಂದು ತಿಳಿದವರು ಹೆಚ್ಚು. ಆ ಲಕ್ಷಣಗಳು ಕಾಣುವ ಹೊತ್ತಿಗೆ ಕಣ್ಣು, ಮೂತ್ರಪಿಂಡ, ಹೃದಯ, ಮಿದುಳಿನ ರಕ್ತನಾಳಗಳಿಗೆ ಹಾನಿ ಆರಂಭವಾಗಿರಬಹುದು. ಲಕ್ವ ಹೊಡೆದ ದಿನವೇ ಬಿಪಿ ಇತ್ತೆಂದು ಗೊತ್ತಾಗುವ ಮನೆಗಳಲ್ಲಿ, ದುಡಿಯುವ ಒಂದು ಕೈ ನಿಲ್ಲುವುದರ ಜೊತೆಗೆ ಅವರನ್ನು ನೋಡಿಕೊಳ್ಳಲು ಇನ್ನೊಂದು ಕೈಯೂ ಕೆಲಸ ಬಿಡಬೇಕಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆ.

ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಂದು ದಿನ ಪುನಃ ಅಳೆದು ಖಚಿತಪಡಿಸಲಾಗುತ್ತದೆ. ಯಾವುದೇ ವೇಳೆಯಲ್ಲಿ ನೋಡಿದ ರಕ್ತದ ಸಕ್ಕರೆ 140 ಮೀರಿದರೆ ಖಾಲಿ ಹೊಟ್ಟೆಯ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಒಮ್ಮೆ ಹೆಚ್ಚು ಬಂದಿತೆಂದರೆ ಕಾಯಿಲೆ ಬಂದೇಬಿಟ್ಟಿತು ಎಂದಲ್ಲ. ಖಚಿತಪಡಿಸಿಕೊಳ್ಳಬೇಕು ಎಂದಷ್ಟೇ ಅರ್ಥ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ ನಾಡೇ ದಿಗ್ಭ್ರಮೆಗೊಂಡಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಬರುವವರ ಸಂಖ್ಯೆ ಏಕಾಏಕಿ ಏರಿತು. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ರೂಪಿಸಿದ ಹೃದಯಜ್ಯೋತಿ ಯೋಜನೆಯಡಿ, ಎದೆನೋವಿನಿಂದ ಬಂದವರ ಇಸಿಜಿಯನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೇ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಏರ್ಪಾಡು ಆಗಿದೆ. ಎದೆಯ ಮಧ್ಯೆ ಒತ್ತಿದಂತಹ ನೋವು, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಆದರೆ ಭಯ ಹುಟ್ಟಿದಾಗ ಮಾತ್ರ ಆಸ್ಪತ್ರೆಗೆ ಮುಗಿಬಿದ್ದು, ತಿಂಗಳು ಕಳೆದ ಮೇಲೆ ಮರೆತುಬಿಡುವುದು ಸಾಲದು. ತಪಾಸಣೆ ವರ್ಷಕ್ಕೊಮ್ಮೆಯ ರೂಢಿಯಾಗಬೇಕು.

ಬಾಯಿ ತೆರೆದು ತೋರಿಸಿ

ರಾಷ್ಟ್ರವ್ಯಾಪಿ ವಯಸ್ಕರ ತಂಬಾಕು ಸಮೀಕ್ಷೆಯ 2016-17ರ ವರದಿಯ ಪ್ರಕಾರ ಕರ್ನಾಟಕದ ಪುರುಷರಲ್ಲಿ ಶೇ. 35.2ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಮಹಿಳೆಯರಲ್ಲಿ ಆ ಪ್ರಮಾಣ ಶೇ. 10.3. ರಾಜ್ಯದಲ್ಲಿ 2013ರಲ್ಲಿಯೇ ಗುಟ್ಖಾ ನಿಷೇಧವಾಗಿದೆ. ಆದರೂ ಪಾನ್ ಮಸಾಲೆ ಮತ್ತು ತಂಬಾಕಿನ ಎರಡು ಚೀಟಿಗಳನ್ನು ಬೆರೆಸಿ ಹಾಕುವ ಚಟ ನಿಂತಿಲ್ಲ. ದಣಿವು ತಿಳಿಯದಿರಲಿ, ಹಸಿವು ಮುಂದೆ ಹೋಗಲಿ, ನಿದ್ದೆ ಬರದಿರಲಿ ಎಂದು ಗಣಿಯಲ್ಲಿ, ಲಾರಿಯಲ್ಲಿ, ಮಗ್ಗದ ಮುಂದೆ ಆರಂಭವಾಗುವ ಚಟ ಇದು.

ಬಾಯಿಯ ಕ್ಯಾನ್ಸರ್ ಕಣ್ಣಿಗೆ ಕಾಣುವಂತಹ ಜಾಗದಲ್ಲಿ ಬೆಳೆಯುತ್ತದೆ. ಅದು ಬರುವ ಮುನ್ನ ಹಲವರಲ್ಲಿ ಗುರುತುಗಳು ಮೂಡುತ್ತವೆ. ಕನ್ನಡಿಯ ಮುಂದೆ ನಿಂತು ಬೆಳಕಿನಲ್ಲಿ ನೋಡಿಕೊಳ್ಳಬೇಕಾದವು ಇವು:

1. ಕೆನ್ನೆಯ ಒಳಭಾಗ, ನಾಲಗೆ, ವಸಡಿನ ಮೇಲೆ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ.
2. ಎರಡು ವಾರ ಕಳೆದರೂ ಮಾಯದ ಹುಣ್ಣು.
3. ಖಾರ ತಿಂದರೆ ವಿಪರೀತ ಉರಿ.
4. ಬಾಯಿ ಪೂರ್ತಿ ತೆರೆಯಲಾಗದಿರುವುದು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಆಗದಿದ್ದರೆ ವೈದ್ಯರನ್ನು ಕಾಣಬೇಕು.
5. ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ನುಂಗಲು ತೊಂದರೆ.

ರೊಟ್ಟಿ, ಖಾರಬ್ಯಾಳಿ ತಿನ್ನಲಾಗದೆ ಅನ್ನ ಮಜ್ಜಿಗೆಗೆ ಇಳಿದ ಮೇಲೂ ತಿಂಗಳುಗಟ್ಟಲೆ ಮುಚ್ಚಿಡುವವರಿದ್ದಾರೆ. ತಂಬಾಕು ಹಾಕಿದ್ದಕ್ಕೆ ಬೈಸಿಕೊಳ್ಳಬೇಕಾದೀತು ಎಂಬ ನಾಚಿಕೆಯೇ ಅದಕ್ಕೆ ಕಾರಣ. ಮಚ್ಚೆಯ ಹಂತದಲ್ಲಿ ಪತ್ತೆಯಾದರೆ ಚಟ ಬಿಡುವುದು ಮತ್ತು ಸಣ್ಣ ಚಿಕಿತ್ಸೆ ಸಾಕಾಗಬಹುದು. ತಡವಾದರೆ ದವಡೆಯ ಭಾಗವನ್ನೇ ತೆಗೆಯಬೇಕಾದೀತು. ತಂಬಾಕು ಬಿಡಲು ನೆರವು ಬೇಕಾದವರು 1800-11-2356 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ಕಲ್ಲಿನ ದೂಳು, ಮಗ್ಗದ ಕುಣಿ

ಇಳಕಲ್‌ನ ಕೆಂಪು ಮತ್ತು ಗುಲಾಬಿ ಗ್ರಾನೈಟ್ ದೇಶ ವಿದೇಶಗಳ ಕಟ್ಟಡಗಳನ್ನು ಅಲಂಕರಿಸಿದೆ. ಅದನ್ನು ಕೊರೆಯುವಾಗ, ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲಿ ಗಾಯ ಮಾಡಿ, ಕಲೆಗಟ್ಟಿಸುತ್ತವೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ವರ್ಷಗಟ್ಟಲೆ ದೂಳಿನಲ್ಲಿ ದುಡಿದ ಮೇಲೆ ಕಾಣಿಸುವ ಈ ಕಾಯಿಲೆಯನ್ನು ಪೂರ್ಣ ಗುಣಪಡಿಸುವ ಔಷಧವಿಲ್ಲ. ಆದ್ದರಿಂದ ತಡೆಯೇ ಮುಖ್ಯ: ನೀರು ಹಾಯಿಸಿ ಕೊರೆಯುವುದು, ದೂಳು ಹೀರುವ ಯಂತ್ರ ಬಳಸುವುದು, ಮೂಗಿಗೆ ಸರಿಯಾಗಿ ಕೂರುವ ಮಾಸ್ಕ್ ಧರಿಸುವುದು. ತಲೆಗೆ ಸುತ್ತಿದ ಟವೆಲನ್ನೇ ಮೂಗಿಗೆ ಕಟ್ಟಿದರೆ ಈ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ.

ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ ತಗಲುವ ಸಾಧ್ಯತೆ ಇತರರಿಗಿಂತ ಹೆಚ್ಚು. ಎರಡೂ ಕಾಯಿಲೆಗಳಲ್ಲಿ ಕೆಮ್ಮು, ದಮ್ಮು, ತೂಕ ಇಳಿಕೆ ಇರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವಿದೆ. ಆದ್ದರಿಂದ ಗಣಿ, ಕ್ರಷರ್, ಪಾಲಿಶ್ ಘಟಕಗಳಲ್ಲಿ ದುಡಿಯುವವರು ಎದೆಯ ಎಕ್ಸ್‌ರೇ ತೆಗೆಸುವಾಗ ತಮ್ಮ ಕೆಲಸ ಯಾವುದು, ಎಷ್ಟು ವರ್ಷಗಳಿಂದ ಮಾಡುತ್ತಿದ್ದಾರೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗಣಿ ಕಾರ್ಮಿಕರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮತ್ತು ನಿಗದಿತ ಅವಧಿಗೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಪಡಿಸುವುದು ಕಾನೂನಿನಂತೆ ಮಾಲೀಕರ ಹೊಣೆ. ಅದು ಕಾರ್ಮಿಕನ ಹಕ್ಕು, ಮಾಲೀಕರ ಉಪಕಾರವಲ್ಲ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಫದಲ್ಲಿ ರಕ್ತ ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯರೋಗದ ಪರೀಕ್ಷೆ, ಚಿಕಿತ್ಸೆ ಎರಡೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂ.ಗಳಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ.

ನೇಕಾರರ ತೊಂದರೆಗಳು ಬೇರೆ ಬಗೆಯವು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಇಡೀ ದಿನ ಕುಳಿತು ನೇಯುವವರಲ್ಲಿ ಬೆನ್ನು, ಕುತ್ತಿಗೆ, ಮೊಣಕಾಲಿನ ನೋವು ಸಾಮಾನ್ಯ. ಸೂಕ್ಷ್ಮ ಎಳೆಗಳನ್ನು ನೋಡಿ ನೋಡಿ ಕಣ್ಣು ದಣಿಯುತ್ತವೆ. ಕೈಕಾಲು ಆಡಿದರೂ ಕುಳಿತಲ್ಲೇ ಕೆಲಸವಾದ್ದರಿಂದ ನಡಿಗೆ ಕಡಿಮೆ. ನಲವತ್ತು ದಾಟಿದ ನೇಕಾರರು ರಕ್ತದೊತ್ತಡ, ಸಕ್ಕರೆಯ ಜೊತೆಗೆ ಕಣ್ಣನ್ನೂ ತೋರಿಸಿಕೊಳ್ಳಬೇಕು. ಎಷ್ಟೋ ಬಾರಿ ಒಂದು ಸಾದಾ ಕನ್ನಡಕವೇ ದುಡಿಮೆಯ ಅವಧಿಯನ್ನು ಹೆಚ್ಚಿಸುತ್ತದೆ.

ಹೇಳಲು ನಾಚುವ ತೊಂದರೆಗಳು

ಸಂಕೋಚ ಅತಿ ಹೆಚ್ಚು ಕಾಡುವುದು ಇಲ್ಲಿ. ತೊಡೆಸಂದಿನಲ್ಲಿ ಉಬ್ಬು ಬರುವ ಹರ್ನಿಯಾ, ಬೀಜದ ಚೀಲ ದಪ್ಪವಾಗುವ ಹೈಡ್ರೋಸಿಲ್, ಮೂಲವ್ಯಾಧಿ, ಮೂತ್ರ ಕಟ್ಟುವುದು, ಜನನಾಂಗದ ಹುಣ್ಣು ಅಥವಾ ಸ್ರಾವ ಇವುಗಳನ್ನು ಪುರುಷರು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಭಾರ ಎತ್ತುವ ಕೆಲಸದವರಲ್ಲಿ ಹರ್ನಿಯಾ ಕರುಳಿನ ಭಾಗವನ್ನು ಹಿಡಿದು ಬಿಗಿದರೆ ಜೀವಕ್ಕೇ ಅಪಾಯ. ಮೊದಲೇ ತೋರಿಸಿದರೆ ಅದು ನಿಗದಿತ ದಿನ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ.

ಐವತ್ತು ದಾಟಿದವರಲ್ಲಿ ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು, ಪೂರ್ತಿ ಆಗಲಿಲ್ಲವೆನಿಸುವುದು ಪ್ರೊಸ್ಟೇಟ್ ಗ್ರಂಥಿ ಹಿಗ್ಗಿದ್ದರ ಲಕ್ಷಣಗಳಾಗಿರಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲ; ಮಾತ್ರೆಗಳಿಂದ ಹಿಡಿತಕ್ಕೆ ಬರುತ್ತವೆ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಹದಿಹರೆಯದಿಂದ ಮೂವತ್ತೈದರ ಒಳಗಿನ ಯುವಕರು ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕಂಡರೆ ಕೂಡಲೇ ತೋರಿಸಬೇಕು. ಆ ಭಾಗದ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಲೈಂಗಿಕ ನಿಶ್ಶಕ್ತಿಯ ವಿಷಯದಲ್ಲಿ ಪುರುಷರು ಬಸ್ ನಿಲ್ದಾಣದ ಗೋಡೆಗಳ ಮೇಲಿನ 'ಗುಪ್ತರೋಗ' ಜಾಹೀರಾತುಗಳಿಗೆ ಮೊರೆ ಹೋಗುತ್ತಾರೆ. ಲಾಡ್ಜಿನ ಕೋಣೆಯಲ್ಲಿ ಕುಳಿತು ಹೆಸರಿಲ್ಲದ ಪುಡಿ, ಲೇಹ್ಯ ಮಾರುವವರಿಗೆ ಸಾವಿರಾರು ರೂಪಾಯಿ ತೆರುತ್ತಾರೆ. ತಿಳಿಯಬೇಕಾದ ಸಂಗತಿಯೆಂದರೆ, ಈ ತೊಂದರೆ ಸಕ್ಕರೆ ಕಾಯಿಲೆ ಅಥವಾ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯಾಗಿರಬಹುದು. ಕೆಲವರಲ್ಲಿ ಹೃದಯದ ತೊಂದರೆಗೂ ಮೊದಲೇ ಇದು ಕಾಣಿಸುತ್ತದೆ. ಗೋಡೆಯ ಜಾಹೀರಾತನ್ನು ನಂಬಿದವರ ಹಣದ ಜೊತೆಗೆ, ನಿಜವಾದ ಕಾಯಿಲೆಯನ್ನು ಹಿಡಿಯಬಹುದಾಗಿದ್ದ ಅಮೂಲ್ಯ ಸಮಯವೂ ಕಳೆದುಹೋಗುತ್ತದೆ.

ಮಕ್ಕಳಾಗದ ದಂಪತಿಗಳಲ್ಲಿ ಪತ್ನಿಯನ್ನು ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ, ದೇವರಿಂದ ದೇವರಿಗೆ ಅಲೆದಾಡಿಸುವ ಪರಿಪಾಠವಿದೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸರಳವಾದುದು, ನೋವಿಲ್ಲದ್ದು. ಪತಿಯ ಪರೀಕ್ಷೆಯನ್ನೇ ಮಾಡದೆ ಪತ್ನಿಗೆ ಬಂಜೆ ಎಂಬ ಹೆಸರು ಹೊರಿಸುವುದು ಅನ್ಯಾಯ.

ಮನಸ್ಸಿನ ಬೇನೆಯೂ ಹೀಗೆಯೇ ಅಡಗಿರುತ್ತದೆ. ಸಾಲ, ಬೆಳೆನಷ್ಟ, ಕೆಲಸವಿಲ್ಲದ ಚಿಂತೆಯನ್ನು ಕುಡಿತದಲ್ಲಿ ಮುಚ್ಚುವ ಬದಲು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹೆಸರು ಹೇಳದೆಯೂ ಮಾತನಾಡಬಹುದು.

ಗೋಪ್ಯತೆಗೆ ರಕ್ಷಣೆ

"ಊರಿಗೆಲ್ಲ ಗೊತ್ತಾಗುತ್ತದೆ" ಎಂಬ ಅಂಜಿಕೆಗೆ ಉತ್ತರವಿದೆ. ರೋಗಿಯ ವಿವರಗಳನ್ನು ಬಹಿರಂಗಪಡಿಸದಿರುವುದು ವೈದ್ಯಕೀಯ ವೃತ್ತಿಯ ಕರ್ತವ್ಯ. ಎಚ್‌ಐವಿಯ ವಿಷಯದಲ್ಲಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನು, ಫಲಿತಾಂಶವನ್ನು ಬಯಲು ಮಾಡುವುದನ್ನು, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಹ ತಾರತಮ್ಯವನ್ನು ನಿಷೇಧಿಸಿದೆ. ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪ್ರತ್ಯೇಕವಾಗಿ ಮಾತನಾಡುವ ವ್ಯವಸ್ಥೆ ಇದೆ.

ಮಹಿಳಾ ಸಿಬ್ಬಂದಿಯ ಮುಂದೆ ಹೇಳಲಾಗದವರು ಪುರುಷ ಆರೋಗ್ಯ ನಿರೀಕ್ಷಣಾಧಿಕಾರಿಯನ್ನು ಅಥವಾ ಪುರುಷ ವೈದ್ಯರನ್ನು ಕೇಳಬಹುದು. ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಸರದಿಯಲ್ಲಿ ನಿಂತು ಎಲ್ಲರ ಎದುರು ತೊಂದರೆ ವಿವರಿಸಬೇಕಾಗಿಲ್ಲ. "ಡಾಕ್ಟರರ ಹತ್ತಿರ ಒಬ್ಬನೇ ಮಾತನಾಡಬೇಕು" ಎಂಬ ಒಂದು ಮಾತು ಸಾಕು. ಅಷ್ಟೂ ಹೇಳಲಾಗದವರು ಚೀಟಿಯಲ್ಲಿ ಬರೆದು ಕೊಡಬಹುದು.

ಎಲ್ಲಿ ಹೋಗಬೇಕು, ವೆಚ್ಚ ಎಷ್ಟು

ಪ್ರಾಥಮಿಕ ತಪಾಸಣೆಗೆ ಊರಿನ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ, ನಗರ ಪ್ರದೇಶಗಳಲ್ಲಿ ನಮ್ಮ ಕ್ಲಿನಿಕ್ ಸಾಕು. ಅಲ್ಲಿಂದ ಅಗತ್ಯವಿದ್ದವರನ್ನು ತಾಲ್ಲೂಕು ಆಸ್ಪತ್ರೆಗೆ, ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಗೊಂಡು 2025ರಲ್ಲಿ ರಾಜ್ಯಕ್ಕೆ ವಿಸ್ತರಿಸಲಾದ ಗೃಹ ಆರೋಗ್ಯ ಯೋಜನೆಯಡಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ.

ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಬಿಪಿ, ಶುಗರ್ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ದೊಡ್ಡ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗಿನ ಚಿಕಿತ್ಸೆ ಲಭ್ಯ. ಬರುವಾಗ ಆಧಾರ್ ಮತ್ತು ಪಡಿತರ ಚೀಟಿ ತರಬೇಕು. ಹಳೆಯ ಮಾತ್ರೆಗಳ ಚೀಟಿ, ಎಕ್ಸ್‌ರೇಗಳಿದ್ದರೆ ಅವನ್ನೂ ತರುವುದು ಒಳಿತು.

ಮಾತ್ರೆ ಆರಂಭವಾದ ಮೇಲೆ ಅರ್ಧಕ್ಕೆ ಬಿಡಬಾರದು. "ಈಗ ಬಿಪಿ ಸರಿಯಾಗಿದೆ" ಎಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಅದು ಸರಿಯಾಗಿರುವುದು ಮಾತ್ರೆಯಿಂದಲೇ.

ಮನೆ ಮತ್ತು ಪಂಚಾಯಿತಿಯ ಪಾತ್ರ

ಗಂಡಸರನ್ನು ಬೈದು ಕಳುಹಿಸುವುದಕ್ಕಿಂತ ಜೊತೆಯಲ್ಲಿ ಹೋಗುವುದು ಫಲ ಕೊಡುತ್ತದೆ. ಪತ್ನಿಯ ತಪಾಸಣೆಯ ದಿನವೇ ಪತಿಯೂ ತೋಳು ಚಾಚಿದರೆ ಎರಡು ಕೆಲಸ ಒಂದೇ ಬಾರಿಗೆ ಮುಗಿಯುತ್ತವೆ. ಓದಿದ ಮಕ್ಕಳು ಅಪ್ಪ, ಕಾಕಾ, ಮಾಮಂದಿರ ಅಂಕಗಳನ್ನು ಲೆಕ್ಕ ಹಾಕಿಕೊಡಬಹುದು. ಗೆಳೆಯರು ನಾಲ್ವರು ಒಟ್ಟಾಗಿ ಹೋದರೆ ನಗುವವರು ಯಾರೂ ಉಳಿಯುವುದಿಲ್ಲ.

ಗ್ರಾಮ ಪಂಚಾಯಿತಿಗಳು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳು ಈ ಕೆಳಗಿನ ಕ್ರಮಗಳನ್ನು ಪರಿಗಣಿಸಬಹುದು:

1. ಕೂಲಿ ತಪ್ಪದಂತೆ ಸಂಜೆ ಅಥವಾ ರಜಾ ದಿನ ಪುರುಷರ ತಪಾಸಣೆ ಏರ್ಪಡಿಸುವುದು.
2. ಸಂತೆ, ಹಾಲಿನ ಡೇರಿ, ನೇಕಾರರ ಸಹಕಾರ ಸಂಘ, ಗಣಿ, ಉದ್ಯೋಗ ಖಾತರಿ ಕಾಮಗಾರಿಯಂತಹ ಗಂಡಸರು ಸೇರುವ ಸ್ಥಳಗಳಿಗೇ ಸಿಬ್ಬಂದಿಯನ್ನು ಕರೆಸುವುದು.
3. ಬಾದಾಮಿಯ ಬನಶಂಕರಿ ಜಾತ್ರೆಯಂತಹ ಸಂದರ್ಭಗಳಲ್ಲಿ ತಪಾಸಣಾ ಮಳಿಗೆಗೆ ಸ್ಥಳ ಒದಗಿಸುವುದು.
4. ತಪಾಸಣೆಯ ಸ್ಥಳದಲ್ಲಿ ಒಂದು ಪರದೆ ಮತ್ತು ಒಬ್ಬ ಪುರುಷ ಸಿಬ್ಬಂದಿ ಇರುವಂತೆ ನೋಡಿಕೊಳ್ಳುವುದು.
5. ಅಧ್ಯಕ್ಷರು, ಸದಸ್ಯರು, ಊರ ಹಿರಿಯರು ಎಲ್ಲರೆದುರು ಮೊದಲು ತಾವೇ ರಕ್ತದೊತ್ತಡ ನೋಡಿಸಿಕೊಳ್ಳುವುದು.

ಇವುಗಳಲ್ಲಿ ಕೊನೆಯದಕ್ಕೆ ಖರ್ಚಿಲ್ಲ, ಪರಿಣಾಮ ಮಾತ್ರ ದೊಡ್ಡದು. ಊರ ಹಿರಿಯರು ಕುರ್ಚಿಯಲ್ಲಿ ಕುಳಿತು ತೋಳು ಚಾಚಿದ ಮೇಲೆ ಉಳಿದವರಿಗೆ ನಾಚಿಕೊಳ್ಳಲು ಕಾರಣವಿರುವುದಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೇರಿದಂತೆ ಜಿಲ್ಲೆಯ ಎಲ್ಲ ತಾಲ್ಲೂಕುಗಳ 30 ವರ್ಷ ಮೇಲ್ಪಟ್ಟ ಪುರುಷರು ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ. ಆರೋಗ್ಯ ಸಲಹೆಗೆ 104, ತುರ್ತು ಆಂಬುಲೆನ್ಸ್‌ಗೆ 108, ಎಚ್‌ಐವಿ ಕುರಿತ ಮಾಹಿತಿಗೆ 1097, ಮಾನಸಿಕ ಆರೋಗ್ಯಕ್ಕೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಈ ಸುತ್ತೋಲೆಯನ್ನು ಗ್ರಾಮಸಭೆ, ವಾರ್ಡ್‌ಸಭೆಗಳಲ್ಲಿ ಓದಿ ಹೇಳುವುದು ಹಾಗೂ ಗ್ರಂಥಾಲಯ, ಹಾಲಿನ ಡೇರಿ, ನೇಕಾರ ಸಂಘಗಳ ಸೂಚನಾ ಫಲಕಗಳಲ್ಲಿ ಅಂಟಿಸುವುದು.